ಕ್ಯಾಪ್ಸೂಲಿನ ಸಿಪ್ಪೆ

“ಮೊಸರು ಹುಳಿ ಬಂದಿದೆಯಲ್ಲೇ ಸೀತಾ,” ಎಂದು ಕೃಷ್ಣಸ್ವಾಮಿ ಮುಖ ಕಿವುಚಿದರು.

ಸೀತಾಲಕ್ಷ್ಮಿ ಒಲೆಯ ಕಡೆ ತಿರುಗಿಕೊಂಡರು. ಮೊಸರು ಹುಳಿ ಬಂದಿರಲಿಲ್ಲ. ಹೆಪ್ಪು ಹಾಕುವ ವಿಷಯದಲ್ಲಿ ಆ ಕಾಲೊನಿಯಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಹುಳಿ ಇದ್ದದ್ದು ಅದರಲ್ಲಿ ಕಲಸಿದ್ದ ಔಷಧಿಯಲ್ಲಿ. ಗಂಡ ಸ್ನಾನಕ್ಕೆ ಹೋದಾಗ ಕ್ಯಾಪ್ಸೂಲಿನ ಎರಡು ತುದಿ ಹಿಡಿದು ಬಿಚ್ಚಿ, ಒಳಗಿನ ಸಣ್ಣ ಸಣ್ಣ ಕಾಳುಗಳನ್ನು ಏಲಕ್ಕಿ ಕುಟ್ಟುವ ಕುಟ್ಟಾಣಿಯಲ್ಲಿ ಪುಡಿ ಮಾಡಿ, ಖಾಲಿ ಸಿಪ್ಪೆಯನ್ನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಯ ತಳಕ್ಕೆ ತಳ್ಳಿದ್ದರು.

“ಬೇಸಿಗೆ ಅಲ್ವಾ, ಬೇಗ ಹುಳಿಯಾಗತ್ತೆ. ಎರಡು ತುತ್ತು ತಾನೆ, ತಿಂದ್ಬಿಡಿ.”

ಕೃಷ್ಣಸ್ವಾಮಿ ತಿಂದರು. ತಟ್ಟೆಗೆ ಬಿದ್ದದ್ದನ್ನು ಬೈಯದೆ ತಿನ್ನುವ ಮನುಷ್ಯ. ಆದರೆ ತಟ್ಟೆಗೆ ಏನು ಬೀಳಬೇಕು ಎನ್ನುವುದರಲ್ಲಿ ಮಾತ್ರ ಮಹಾ ಹಟ. ಕಂಟೋನ್ಮೆಂಟಿನ ವಿಮಾ ಕಚೇರಿಯಲ್ಲಿ ಜೀವಮಾನವೆಲ್ಲ ಕೆಲಸ ಮಾಡಿ, ಅಲ್ಲಿ ಯಾರ ಹುಟ್ಟುಹಬ್ಬಕ್ಕೂ ಒಂದು ಚೂರು ಕೇಕು ತಿಂದವರಲ್ಲ. ಮೊಟ್ಟೆಯಿಲ್ಲದ್ದು ಅಂತ ಆಣೆ ಇಟ್ಟು ಹೇಳಿದರೂ ಕಾಗದದ ತಟ್ಟೆಯನ್ನು ನಗುನಗುತ್ತಾ ಪಕ್ಕದ ಟೇಬಲ್ಲಿಗೆ ದಾಟಿಸುತ್ತಿದ್ದರು. ಬೇರೆಯವರು ತಿನ್ನುವುದರ ಬಗ್ಗೆ ಒಂದು ದಿನವೂ ಮೂಗು ಮುರಿದವರಲ್ಲ. ತಮ್ಮ ಗಂಟಲಿನ ಮಟ್ಟಿಗೆ ಮಾತ್ರ ಅವರದೊಂದು ಕಟ್ಟುಪಾಡು. ಮಾಂಸ, ಮೊಟ್ಟೆ ಬಾಯಿಗೆ ಹಾಕುವುದಿಲ್ಲ ಎಂದು ತಾಯಿ ಸಾಯುವ ಮುನ್ನ ಅವರಿಗೆ ಕೊಟ್ಟ ಮಾತು ಅದು, ಮುರಿಯುವ ಪ್ರಶ್ನೆಯೇ ಇರಲಿಲ್ಲ.

ಹಿಂದಿನ ವರ್ಷ ಅವರ ಎದೆಬಡಿತ ತಾಳ ತಪ್ಪಿತು. ಹೀಗೇ ಬಿಟ್ಟರೆ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗಿ ಲಕ್ವ ಹೊಡೆಯಬಹುದು ಎಂದು ಹೇಳಿ ಡಾಕ್ಟರು ರಕ್ತ ತೆಳುವಾಗಿಡುವ ಕ್ಯಾಪ್ಸೂಲು ಬರೆದುಕೊಟ್ಟರು. ಬೆಳಗ್ಗೆ ಒಂದು, ಸಂಜೆ ಒಂದು, ಬದುಕಿರುವ ತನಕ. ಒಂದು ವರ್ಷ ಇಬ್ಬರೂ ಏನನ್ನೂ ಯೋಚಿಸದೆ ಅದನ್ನು ನಂಬಿಕೊಂಡಿದ್ದರು.

ಆ ನಂಬಿಕೆಗೆ ಕಲ್ಲು ಬಿದ್ದದ್ದು ಶಿವಾಜಿನಗರದಲ್ಲಿ, ಅಕ್ತರ್ ಅವರ ಮೆಡಿಕಲ್ ಸ್ಟೋರಿನ ಮುಂದೆ.

ಇಂದಿರಾನಗರದಲ್ಲಿ ಹೆಜ್ಜೆಗೊಂದು ಔಷಧಿ ಅಂಗಡಿ ಇದ್ದರೂ ಸೀತಾಲಕ್ಷ್ಮಿ ಬಸ್ಸು ಹತ್ತಿ ಅಲ್ಲಿಗೇ ಹೋಗುತ್ತಿದ್ದರು. ಗಂಡ ಆ ಕಡೆ ಕೆಲಸದಲ್ಲಿದ್ದಾಗಿನಿಂದ ಬಂದ ಬಳಕೆ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ರವಿಕೆಗೆ ಲೈನಿಂಗ್ ಬಟ್ಟೆ ಕೊಂಡು, ಹಾಗೇ ನಡೆದುಬಂದು ಔಷಧಿ ತೆಗೆದುಕೊಂಡು, ಅಕ್ತರ್ ಮನೆಯವರ ಯೋಗಕ್ಷೇಮ ವಿಚಾರಿಸಿ ಬಂದರೆ ಅವರಿಗೆ ಒಂದು ವಾರದ ಉಲ್ಲಾಸ. ಆ ದಿನ ಕೌಂಟರಿನಲ್ಲಿ ಅವರ ಮುಂದೆ ಬುರ್ಖಾ ತೊಟ್ಟ ಹುಡುಗಿಯೊಬ್ಬಳು ಒಂದು ಪಟ್ಟಿ ಕ್ಯಾಪ್ಸೂಲನ್ನು ಕಣ್ಣಿಗೆ ಹತ್ತಿರ ಹಿಡಿದು ನಿಂತಿದ್ದಳು.

“ಅಕ್ತರ್ ಭಾಯ್, ಇದ್ರಲ್ಲಿ ಹಾರ್ಡ್ ಜಿಲಾಟಿನ್ ಅಂತ ಇದೆ. ಯಾವ ಪ್ರಾಣೀದು?”

“ನಂಗೆಲ್ಲಿ ಗೊತ್ತಾಗತ್ತೆ ಲೈಬಾ? ಬರ್ದಿದ್ರೆ ತಾನೆ ಹೇಳೋದು. ಡಾಕ್ಟ್ರನ್ನ ಕೇಳು.”

“ಡಾಕ್ಟರ್ ನಿಮ್ಮನ್ನ ಕೇಳು ಅಂದ್ರು.”

ಸೀತಾಲಕ್ಷ್ಮಿಗೆ ಆ ಮಾತು ಕಿವಿಗೆ ಬಿದ್ದದ್ದೇ ತಡ, “ಪ್ರಾಣೀದಾ? ಏನಮ್ಮಾ ಪ್ರಾಣೀದು?” ಎಂದು ಕೇಳಿಬಿಟ್ಟರು.

ಲೈಬಾ ರಿಚರ್ಡ್ಸ್ ಟೌನಿನ ಶಾಲೆಯೊಂದರಲ್ಲಿ ಮಕ್ಕಳಿಗೆ ಪಾಠ ಹೇಳುವವಳು. ತಿಳಿಸಿ ಹೇಳುವುದು ಅವಳಿಗೆ ಅಭ್ಯಾಸ. “ಈ ಕವರ್ ಇದೆಯಲ್ಲ ಆಂಟಿ, ಅದನ್ನ ಪ್ರಾಣಿಗಳ ಚರ್ಮ, ಮೂಳೆ ಬೇಯ್ಸಿ ಮಾಡ್ತಾರೆ. ದನದ್ದಿರಬಹುದು, ಹಂದೀದಿರಬಹುದು. ಹಂದೀದಾದ್ರೆ ನಮ್ ನಾನೀಗೆ, ಅದೇ ಅಜ್ಜೀಗೆ, ಆಗಲ್ಲ. ಜೀವ ಹೋದ್ರೂ ಮುಟ್ಟಲ್ಲ. ಅದಕ್ಕೇ ನಾನು ಕವರ್ ಬಿಸಾಕಿ, ಒಳಗಿರೋದನ್ನ ಪುಡಿ ಮಾಡಿ ಜೇನುತುಪ್ಪದಲ್ಲಿ ಕೊಡ್ತೀನಿ. ಅವರಿಗೆ ಹೇಳಿಲ್ಲ.”

ದನದ್ದಿರಬಹುದು. ಸೀತಾಲಕ್ಷ್ಮಿ ಅಕ್ತರ್ ಕೊಟ್ಟ ಕಾಗದದ ಕವರಿನಿಂದ ತಮ್ಮ ಪಟ್ಟಿಯನ್ನು ತೆಗೆದು, ಕನ್ನಡಕವನ್ನು ಹಣೆಗೇರಿಸಿ ಓದಿದರು. ಔಷಧಿಯ ಹೆಸರಿತ್ತು, ತೂಕವಿತ್ತು. ಅದರ ಕೆಳಗೆ ಎಕ್ಸಿಪಿಯೆಂಟ್ಸ್ ಕ್ಯೂ.ಎಸ್. ಎಂದಿತ್ತು. ಕ್ಯಾಪ್ಸೂಲಿನ ಹೊದಿಕೆಗೆ ಒಪ್ಪಿತ ಬಣ್ಣ ಬಳಸಲಾಗಿದೆ ಎಂದಿತ್ತು. ಬಣ್ಣಕ್ಕೆ ಒಪ್ಪಿಗೆ ಇದೆಯಂತೆ. ಹೊದಿಕೆ ಯಾವುದರದ್ದು ಎಂಬ ಮಾತೇ ಇರಲಿಲ್ಲ.

ಮನೆಗೆ ಬಂದವರೇ ಮಗಳನ್ನು ಕೇಳಿದರು. ಕೇಳದೆ ಏನು? ಮಧುರಾ ಬೇರೇನಲ್ಲ, ಔಷಧಿ ಮಾಡುವವಳೇ. ಕೆ.ಆರ್. ಪುರದ ಆಚೆ ಒಂದು ಕಂಪನಿ. ಬೇರೆ ಬೇರೆ ಹೆಸರಿನ ಕಂಪನಿಗಳಿಗೆ ಮಾತ್ರೆ, ಕ್ಯಾಪ್ಸೂಲು ತಯಾರಿಸಿಕೊಡುವ ಜಾಗ. ಔಷಧಿಯ ಜೊತೆಗೆ ಸೇರಿಸುವ ಪದಾರ್ಥಗಳದ್ದೇ, ಎಕ್ಸಿಪಿಯೆಂಟ್ಸ್ ಅಂತಾರಲ್ಲ, ಅವುಗಳದ್ದೇ ಅವಳ ಕೆಲಸ. ನೀರಿನಲ್ಲಿ ಬೆರೆಯದ ಔಷಧಿಯನ್ನು ಬೆರೆಯುವಂತೆ ಮಾಡುವುದು ಹೇಗೆ ಎಂದು ಒಮ್ಮೆ ತಾಯಿಗೆ ವಿವರಿಸಿದ್ದಳು. “ಎಣ್ಣೆ ಸ್ನಾನಕ್ಕೆ ಅಂಟುವಾಳ ಹಾಕ್ತೀಯಲ್ಲಮ್ಮ, ಅದು ಎಣ್ಣೇನೂ ಹಿಡ್ಕೊಂಡು ನೀರನ್ನೂ ಹಿಡ್ಕೊಳ್ಳುತ್ತಲ್ಲ, ಅಂಥದ್ದೇ. ನಿನ್ನ ಟೂತ್‌ಪೇಸ್ಟಲ್ಲಿ ನೊರೆ ಬರ್ಸೋದನ್ನೇ ನಾವು ಒಂದು ಚಿಟಿಕೆ ಮಾತ್ರೇಗೂ ಹಾಕ್ತೀವಿ.” ಮಗಳು ಇಷ್ಟೆಲ್ಲ ಬಲ್ಲವಳೆಂದು ಸೀತಾಲಕ್ಷ್ಮಿ ಅಂದು ಹಿಗ್ಗಿ ಹೀರೇಕಾಯಿ ಆಗಿದ್ದರು.

“ಮಧೂ, ಅಪ್ಪನ ಕ್ಯಾಪ್ಸೂಲಿನ ಸಿಪ್ಪೆ ಯಾವುದರಲ್ಲಿ ಮಾಡಿರೋದೇ?”

ಮಧುರಾ ಲ್ಯಾಪ್‌ಟಾಪಿನಿಂದ ತಲೆಯೆತ್ತದೆ ನಕ್ಕಳು. “ಅಯ್ಯೋ ಅಮ್ಮ, ಮಾತ್ರೇಗೂ ಮಡಿನಾ? ಅದು ನಮ್ಮ ಕಂಪನೀದಲ್ಲ. ನಮ್ದಾಗಿದ್ರೂ ಹೇಳೋಹಾಗಿಲ್ಲ, ಕಾನ್ಫಿಡೆನ್ಷಿಯಲ್. ಸುಮ್ನೆ ತಗೊಳ್ಳಕ್ಕೆ ಹೇಳು.”

ಪಟ್ಟಿಯ ಮೇಲಿದ್ದ ನಂಬರಿಗೆ ಫೋನ್ ಮಾಡಿದರು. ಹಾಡು ಕೇಳಿಸಿ, ಕಾಯಿಸಿ, ಕೊನೆಗೊಂದು ಸಿಹಿ ದನಿ ಬಂತು. “ನಮ್ಮ ಎಲ್ಲಾ ಪ್ರಾಡಕ್ಟುಗಳೂ ನಿಯಮದ ಪ್ರಕಾರ ಇವೆ ಮೇಡಂ. ಹೆಚ್ಚಿನ ಮಾಹಿತಿಗೆ ನಿಮ್ಮ ವೈದ್ಯರನ್ನ ಸಂಪರ್ಕಿಸಿ.” ವೈದ್ಯರನ್ನು ಸಂಪರ್ಕಿಸಲು ಹೋದರೆ ಅವರ ಬಾಗಿಲಲ್ಲಿ ಕೂತ ಹೆಂಗಸು, “ಇದನ್ನ ಕೇಳಕ್ಕೆ ಅಪಾಯಿಂಟ್‌ಮೆಂಟಾ?” ಎಂದು ಹುಬ್ಬೇರಿಸಿದಳು.

ಒಂದು ಬಿಸ್ಕತ್ತಿನ ಪೊಟ್ಟಣ ತೆಗೆದುಕೊಳ್ಳಿ, ಹಸಿರು ಚುಕ್ಕಿ ಇರುತ್ತದೆ. ಟೂತ್‌ಪೇಸ್ಟ್ ತೆಗೆದುಕೊಳ್ಳಿ, ನುಂಗದೆ ಉಗುಳುವ ಪದಾರ್ಥ, ಅದಕ್ಕೂ ಚುಕ್ಕಿ, ಜೊತೆಗೆ ಒಳಗೇನೇನಿದೆ ಎಂಬ ಉದ್ದನೆಯ ಪಟ್ಟಿ. ತುಟಿಗೆ ಹಚ್ಚುವ ಬಣ್ಣಕ್ಕೆ ಕೂಡ ಚುಕ್ಕಿ. ಮನುಷ್ಯ ಬದುಕಿರುವ ತನಕ ದಿನಾ ಎರಡು ಸಲ ನುಂಗಬೇಕಾದ ವಸ್ತುವಿಗೆ ಮಾತ್ರ ಎರಡು ಇಂಗ್ಲಿಷ್ ಅಕ್ಷರ. ಅದರ ಅರ್ಥ ಏನು ಎಂದು ಕೇಳಿದಾಗ ಮಧುರಾ, “ಬೇಕಾದಷ್ಟು ಹಾಕಿದೆ ಅಂತ ಅಮ್ಮ” ಎಂದಿದ್ದಳು. ಏನನ್ನು ಹಾಕಿದೆಯಂತೆ? ಅದನ್ನು ಹೇಳುವಷ್ಟು ಮರ್ಯಾದೆಯನ್ನೂ ನುಂಗುವವನಿಗೆ ಕೊಡಬೇಕೆಂದು ಯಾರಿಗೂ ಅನ್ನಿಸಿಲ್ಲ.

ಗಂಡನಿಗೆ ವಿಷಯ ಹೇಳಿದರೆ ಏನಾಗುತ್ತದೆಂದು ಸೀತಾಲಕ್ಷ್ಮಿಗೆ ಚೆನ್ನಾಗಿ ಗೊತ್ತಿತ್ತು. ಅಂದಿನಿಂದಲೇ ಔಷಧಿ ಬಂದ್. ಔಷಧಿ ನಿಂತರೆ ಲಕ್ವ. ಹೇಳದೆ ಹಾಗೇ ನುಂಗಿಸಿದರೆ, ಅತ್ತೆಯ ಹಾಸಿಗೆಯ ಪಕ್ಕ ಕೈಹಿಡಿದು ಮಾತು ಕೊಟ್ಟವರಿಗೆ ಬೆನ್ನ ಹಿಂದೆ ಮಾಡುವ ದ್ರೋಹ. ಇಡೀ ದಿನ ಒದ್ದಾಡಿದರು. ಆಮೇಲೆ ಲೈಬಾಳ ಉಪಾಯ ನೆನಪಾಯಿತು. ಔಷಧಿಯೂ ಹೊಟ್ಟೆಗೆ ಹೋಯಿತು, ಮಾತೂ ಉಳಿಯಿತು. ತಮ್ಮ ಜಾಣತನವನ್ನು ತಾವೇ ಮೆಚ್ಚಿಕೊಂಡರು ಪಾಪ.

ಆ ಜಾಣತನ ಒಂದು ತಿಂಗಳೂ ಬಾಳಲಿಲ್ಲ. ಮೊದಲು ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ. ಬ್ರಷ್ ಒರಟು ಎಂದುಕೊಂಡರು. ಆಮೇಲೆ ಮೊಣಕೈಯಲ್ಲಿ, ತೊಡೆಯಲ್ಲಿ ನೇರಳೆ ಕಲೆ. ಎಲ್ಲೋ ತಗುಲಿಸಿಕೊಂಡಿದ್ದಾರೆ ಎಂದುಕೊಂಡರು. ಒಂದು ಬೆಳಗ್ಗೆ ಬಚ್ಚಲುಮನೆಯಿಂದ ದಪ್ಪೆಂದು ಸದ್ದಾಯಿತು. ಸೀತಾಲಕ್ಷ್ಮಿ ಓಡಿಹೋಗಿ ನೋಡಿದರೆ ಕೃಷ್ಣಸ್ವಾಮಿ ಗೋಡೆಗೊರಗಿ ಕುಸಿದಿದ್ದರು. ಮುಖ ಸುಣ್ಣದಂತೆ ಬಿಳಿಚಿಕೊಂಡಿತ್ತು. ಹೊಟ್ಟೆಯೊಳಗೆ ರಕ್ತ ಸೋರಿ ಮಲವೆಲ್ಲ ಟಾರಿನಂತೆ ಕಪ್ಪಾಗಿತ್ತು.

ಆಸ್ಪತ್ರೆ ಹಲಸೂರಿನ ಕಡೆ. ರಕ್ತ ಏರಿಸಿದರು, ಔಷಧಿಯ ಪ್ರಭಾವ ಇಳಿಸುವ ಇಂಜೆಕ್ಷನ್ ಕೊಟ್ಟರು, ಜೀವ ಉಳಿಯಿತು. ಅಷ್ಟರ ಮಟ್ಟಿಗೆ ಅವರಿಗೆ ಕೈ ಮುಗಿಯಬೇಕು. ಮಾರನೆಯ ದಿನ ಡಾಕ್ಟರ್ ಸಮರ್ಥ್ ಮಂಚದ ಬಳಿ ಬಂದು ನಿಂತ. ವಯಸ್ಸಿನಲ್ಲಿ ಮಧುರಾಳಿಗಿಂತ ಚಿಕ್ಕವನು, ಕೆಲಸದಲ್ಲಿ ಚುರುಕು.

“ರಿಪೋರ್ಟ್ ನೋಡಿದ್ರೆ ಡಬಲ್ ಡೋಸ್ ತಗೊಂಡಹಾಗಿದೆ. ಮರ್ತು ಎರಡೆರಡು ಸಲ ಕೊಟ್ಬಿಟ್ರಾ ಆಂಟಿ?”

ಸೀತಾಲಕ್ಷ್ಮಿಗೆ ಸುಳ್ಳು ಹೇಳಲು ಬರುವುದಿಲ್ಲ. ಗಂಡ ಎಚ್ಚರವಿದ್ದಾರೆ, ಮಗಳು ಪಕ್ಕದಲ್ಲಿದ್ದಾಳೆ, ಇಬ್ಬರು ನರ್ಸುಗಳು ನಿಂತಿದ್ದಾರೆ. ಸೆರಗಿನ ತುದಿ ಹಿಂಡುತ್ತಾ ಎಲ್ಲವನ್ನೂ ಹೇಳಿದರು: ಬಿಚ್ಚಿದ್ದು, ಕುಟ್ಟಿದ್ದು, ಮೊಸರಲ್ಲಿ ಕಲಸಿದ್ದು.

“ಮೊಸರಲ್ಲಿ ಕಲ್ಸಿದ್ರಾ?” ಸಮರ್ಥನ ದನಿ ಏರಿತು. “ಇದೇನು ಪುಳಿಯೋಗರೆ ಗೊಜ್ಜಾ ಆಂಟಿ? ಆ ಕ್ಯಾಪ್ಸೂಲ್ ಬಿಚ್ಚಲೇಬಾರದು. ಬಿಚ್ಚಿ ಕೊಟ್ರೆ ಔಷಧಿ ಒಂದೇ ಸಲ, ಎಷ್ಟೋ ಜಾಸ್ತಿ ರಕ್ತಕ್ಕೆ ಸೇರತ್ತೆ. ಯಾವ ಕಾಲದಲ್ಲಿದೀರಾ ನೀವು?”

ನರ್ಸೊಬ್ಬಳು ನಗು ತಡೆಯಲು ಗೋಡೆಯ ಕಡೆ ತಿರುಗಿದಳು. ಸೀತಾಲಕ್ಷ್ಮಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮರುಗಳಿಗೆಯೇ ಸಿಟ್ಟೂ ಬಂತು.

“ಬಿಚ್ಚಬಾರದು ಅಂತ ನಂಗೆ ಯಾರ್ ಹೇಳಿದ್ರು ಡಾಕ್ಟ್ರೇ?”

“ಬಾಕ್ಸ್ ಮೇಲೆ ಬರ್ದಿರತ್ತೆ.”

“ಬಾಕ್ಸ್ ಯಾವ ಅಂಗಡೀಲಿ ಕೊಡ್ತಾರೆ? ಪಟ್ಟಿ ತೆಗ್ದು ಕಾಗದದ ಕವರಿಗೆ ಹಾಕಿ ಕೊಡ್ತಾರೆ. ನಾನು ಬಿಚ್ಚೋಕೆ ಮುಂಚೆ ಕಂಪನೀನ ಕೇಳ್ದೆ. ನಿಮ್ಮಂಥೋರ ಬಾಗಿಲಲ್ಲಿ ಹೋಗಿ ಕೇಳ್ದೆ. ಹೆತ್ತ ಮಗಳನ್ನ ಕೇಳ್ದೆ. ಆ ಸಿಪ್ಪೆ ಯಾವುದರದ್ದು ಅಂತ ಒಂದೇ ಒಂದು ಮಾತು. ಎಲ್ರೂ ನಕ್ರು. ಈಗ ನೀವೂ ನಗ್ತಿದೀರ. ಹೋಗ್ಲಿ, ಈಗಲಾದ್ರೂ ಹೇಳಿ. ಯಾವುದರದ್ದು?”

ಸಮರ್ಥ್ ಪೆನ್ನಿನ ಮುಚ್ಚಳ ತೆಗೆದ, ಹಾಕಿದ. “ಅದು... ಕಂಪನಿಯಿಂದ ಕಂಪನಿಗೆ ಬೇರೆ ಇರತ್ತೆ. ನಂಗೂ ಗೊತ್ತಿಲ್ಲ ಆಂಟಿ. ಬೇಕಾದ್ರೆ ಕ್ಯಾಪ್ಸೂಲ್ ಬಿಟ್ಟು ಬೇರೆ ಮಾತ್ರೆ ಕೊಡಬಹುದು.”

“ಮಾತ್ರೇಲಿ ಏನಿರತ್ತೆ?”

“ಮೆಷೀನಿಗೆ ಅಂಟದೇ ಇರ್ಲಿ ಅಂತ ಸ್ಟಿಯರೇಟ್ ಹಾಕ್ತಾರೆ. ಅದು ಗಿಡದ ಎಣ್ಣೆಯದ್ದೂ ಇರಬಹುದು, ಪ್ರಾಣಿಗಳ ಕೊಬ್ಬಿಂದೂ ಇರಬಹುದು.” ಹೇಳುತ್ತಾ ಹೇಳುತ್ತಾ ಆತನ ದನಿ ತಾನಾಗಿ ತಗ್ಗಿತು.

ಮಂಚದ ಮೇಲಿದ್ದ ಕೃಷ್ಣಸ್ವಾಮಿ ಹೆಂಡತಿಯ ಕಡೆ ತಿರುಗಿದರು. “ಒಂದು ವರ್ಷ ನಾನು ಅದನ್ನ ನುಂಗಿದೀನಿ, ಅಲ್ವಾ ಸೀತಾ?”

“ಏನು ಅಂತ ಗೊತ್ತಿಲ್ಲಾರೀ. ಯಾರಿಗೂ ಗೊತ್ತಿಲ್ಲ.”

“ಹಾಗಾದ್ರೆ ಗೊತ್ತಾಗೋ ತನಕ ಕ್ಯಾಪ್ಸೂಲೂ ಬೇಡ, ಮಾತ್ರೇನೂ ಬೇಡ.” ಕಣ್ಣು ಮುಚ್ಚಿಕೊಂಡರು. ಕೋಪವಿರಲಿಲ್ಲ ಅವರ ದನಿಯಲ್ಲಿ. ಪಕ್ಕದ ಟೇಬಲ್ಲಿಗೆ ಕೇಕು ದಾಟಿಸುವಾಗ ಇರುತ್ತಿದ್ದ ಅದೇ ಮೃದು ದನಿ. ಆ ದನಿ ಬಂದ ಮೇಲೆ ಅವರನ್ನು ಅಲುಗಿಸುವುದು ಬ್ರಹ್ಮನಿಂದಲೂ ಆಗದು ಎಂದು ಸೀತಾಲಕ್ಷ್ಮಿಗೆ ಗೊತ್ತು.

ಸಮರ್ಥ್ ಮಧುರಾಳನ್ನು ಹೊರಗೆ ಕರೆದು ಹೇಳಿದ. ಹೊಟ್ಟೆಯ ಹುಣ್ಣು ಮಾಯುವ ತನಕ ಕೆಲವು ದಿನ ಔಷಧಿ ನಿಲ್ಲಿಸಬಹುದು. ಅದಾದ ಮೇಲೆ ಶುರು ಮಾಡದಿದ್ದರೆ ಲಕ್ವ ಯಾವತ್ತು ಬೇಕಾದರೂ ಬಾಗಿಲು ತಟ್ಟಬಹುದು.

ಮನೆಗೆ ಕರೆತಂದರು. ಕೆಲವು ದಿನ ಕಳೆದವು. ಔಷಧಿ ಶುರು ಮಾಡಬೇಕಾದ ಬೆಳಗ್ಗೆ ಸೀತಾಲಕ್ಷ್ಮಿ ನೀರಿನ ಲೋಟವನ್ನೂ ಇಡೀ ಕ್ಯಾಪ್ಸೂಲನ್ನೂ ತಂದಿಟ್ಟರು. ಕೃಷ್ಣಸ್ವಾಮಿ ನೀರು ಕುಡಿದು, ಕ್ಯಾಪ್ಸೂಲನ್ನು ಮೇಜಿನ ಮೇಲೆ ಹೆಂಡತಿಯ ಕಡೆಗೆ ಮೆಲ್ಲಗೆ ಸರಿಸಿದರು.

ಅಡುಗೆಮನೆಯಲ್ಲಿ ಮಧುರಾ ತಾಯಿಯ ಮೇಲೆ ಹರಿಹಾಯ್ದಳು. ಅವಳಿಗೂ ಭಯ. ಅಪ್ಪನ ಹಟ ನೋಡಿ ಭಯ, ಆ ಭಯವನ್ನು ಸುರಿಯಲು ಒಬ್ಬರು ಬೇಕಿತ್ತು. “ಎಲ್ಲಾ ನಿನ್ನಿಂದ. ಔಷಧಿ ಕಂಪನೀಲಿ ಕೆಲ್ಸ ಮಾಡೋ ಮಗಳನ್ನ ಮನೇಲಿಟ್ಕೊಂಡು, ಅಂಗಡೀಲಿ ಯಾರೋ ಹೇಳಿದ್ದನ್ನ ಕೇಳ್ಕೊಂಡು ಕುಟ್ಟಾಣಿ ಹಿಡಿದ್ಯಲ್ಲ!”

ಸೀತಾಲಕ್ಷ್ಮಿ ಸೌಟು ಕೆಳಗಿಟ್ಟರು.

“ಆ ಹುಡುಗಿ ನಾನು ಕೇಳಿದ್ದಕ್ಕೆ ಉತ್ತರ ಕೊಟ್ಳು ಕಣೇ. ನೀನು ಮಡಿನಾ ಅಂತ ನಕ್ಕೆ. ನಾನೇನು ನಿನ್ನ ಮಡಿ ಮಾಡ್ಕೋ ಅಂದ್ನಾ? ನಿಮ್ಮಪ್ಪನ ಬಾಯಿಗೆ ಏನು ಹೋಗ್ತಿದೆ ಅಂತ ಕೇಳ್ದೆ. ಕಾನ್ಫಿಡೆನ್ಷಿಯಲ್ಲಂತೆ! ನುಂಗೋನಿಗೇ ಹೇಳಬಾರದಂಥ ಗುಟ್ಟು ಯಾವುದೇ ಅದು? ನಮ್ಮನೇ ಅಡುಗೆಗೆ ಏನು ಹಾಕಿದೀನಿ ಅಂತ ಕೇಳಿದ್ರೆ ನಾನು ಬೇಕಾದಷ್ಟು ಹಾಕಿದೀನಿ, ಮುಚ್ಕೊಂಡು ತಿನ್ನು ಅಂತೀನಾ? ನೀವೆಲ್ಲ ಓದಿದೋರು ಸೇರ್ಕೊಂಡು ಒಂದು ಪದ ಬರೀಲಿಲ್ಲ. ಅದಕ್ಕೇ ನಾನು ಬಿಚ್ಚಿದ್ದು. ನಂಗೆ ಹುಚ್ಚು ಹಿಡಿದಿದ್ದಕ್ಕಲ್ಲ.”

ಮಧುರಾಳ ಕಂಪನಿಯಲ್ಲಿ ಪಟ್ಟಿಯ ಮೇಲೆ ಅಚ್ಚಾಗುವ ಸಾಲುಗಳನ್ನು ಅಂತಿಮ ಮಾಡುವಾಗ ಅವಳೂ ಕೂತಿರುತ್ತಿದ್ದಳು. ಕ್ಯೂ.ಎಸ್. ಎಂದು ಎಷ್ಟೋ ಸಲ ಅವಳೇ ಟೈಪು ಮಾಡಿದ್ದಳು. ಜಾಗ ಉಳಿಯುತ್ತದೆ, ನಿಯಮಕ್ಕೂ ಸಾಕು. ಮುಗಿಯಿತು. ಆ ಸಾಲಿನ ಇನ್ನೊಂದು ತುದಿಯಲ್ಲಿ ಕುಟ್ಟಾಣಿ ಹಿಡಿದ ಹೆಂಗಸೊಬ್ಬಳು ಇರಬಹುದೆಂದು ಅಲ್ಲಿ ಯಾರೂ ಯೋಚಿಸಿರಲಿಲ್ಲ, ಅವಳೂ ಯೋಚಿಸಿರಲಿಲ್ಲ.

ಫೋನ್ ತೆಗೆದುಕೊಂಡು ಬಾಲ್ಕನಿಗೆ ಹೋದಳು. ಅವಳ ಜೊತೆ ಓದಿದ್ದ ಪ್ರಿಯಂವದಾ ಆ ಕ್ಯಾಪ್ಸೂಲು ಮಾಡುವ ಕಂಪನಿಯಲ್ಲೇ ಇದ್ದಳು. ಮೊದಲು ಅತ್ತ ಕಡೆಯಿಂದಲೂ ಅದೇ ಹಾರಿಕೆ. ಆಮೇಲೆ ಮಧುರಾ ಜೋರಾಗಿ, “ನಮ್ಮಪ್ಪ ಕಣೇ!” ಎಂದದ್ದು ಒಳಗೆಲ್ಲ ಕೇಳಿಸಿತು. ಸ್ವಲ್ಪ ಹೊತ್ತಿಗೆ ಒಳಗೆ ಬಂದು ಅಪ್ಪನ ಮುಂದೆ ಕುಕ್ಕರುಗಾಲಲ್ಲಿ ಕೂತಳು.

“ಅಪ್ಪ, ಇದು ಜಿಲಾಟಿನ್ ಅಲ್ಲ. ಮರದ ನಾರಿಂದ ಮಾಡಿರೋದು. ಒಳಗಿನ ಔಷಧಿಗೆ ಜಿಲಾಟಿನ್ ಹೊಂದಲ್ಲ ಅಂತ ಮೊದಲಿಂದ ಇದನ್ನೇ ಹಾಕ್ತಿರೋದಂತೆ. ಒಳಗೆ ಹುಳಿ ಇದೆಯಲ್ಲ, ಅದು ಔಷಧಿ ಕರಗಲಿ ಅಂತ ಹಾಕಿರೋದು. ಪೂರ್ತಿ ಸಸ್ಯ. ಒಂದು ವರ್ಷದಿಂದಾನೂ.”

ಕೃಷ್ಣಸ್ವಾಮಿ ಮಗಳ ಮುಖವನ್ನು ಒಮ್ಮೆ ದಿಟ್ಟಿಸಿದರು. ಕ್ಯಾಪ್ಸೂಲು ತೆಗೆದು ನಾಲಿಗೆಯ ಮೇಲಿಟ್ಟು ನೀರು ಕುಡಿದರು. “ಇಷ್ಟೇ ತಾನೆ ಕೇಳಿದ್ದು,” ಎಂದು ಪೇಪರ್ ಬಿಡಿಸಿಕೊಂಡರು.

ಸೀತಾಲಕ್ಷ್ಮಿಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಮೈಯೆಲ್ಲ ಉರಿಯಿತು. ಮರದ ನಾರಂತೆ! ಅದನ್ನು ಬಿಚ್ಚಲು ಬೆಳಗ್ಗೆ ಸಂಜೆ ಕಳ್ಳಿಯಂತೆ ಬಾಗಿಲ ಮರೆಯಲ್ಲಿ ನಿಂತಿದ್ದರು. ಅದನ್ನು ಕುಟ್ಟಿ ಕುಟ್ಟಿ ಕಟ್ಟಿಕೊಂಡ ಗಂಡನ ರಕ್ತ ಹರಿಸಿದ್ದರು. ಪಟ್ಟಿಯ ಮೇಲೆ ಒಂದು ಸಾಸಿವೆಯಷ್ಟು ಹಸಿರು ಚುಕ್ಕಿ ಇದ್ದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಪಡಸಾಲೆಯಲ್ಲಿ ನಿಂತೇ ಅತ್ತರು, ಅಳುತ್ತಲೇ ಬೈದರು. ಕಂಪನಿಯವರನ್ನು, ಸಿಹಿ ದನಿಯವಳನ್ನು, ಪುಳಿಯೋಗರೆ ಎಂದ ಡಾಕ್ಟರನ್ನು, ಒಬ್ಬರನ್ನೂ ಬಿಡಲಿಲ್ಲ. ನಡುವೆ ಥಟ್ಟನೆ ನಿಂತರು.

“ಮಧೂ. ಆ ಹುಡುಗಿ ಲೈಬಾ. ಅವಳೂ ಕುಟ್ತಿದಾಳೆ.”

“ಯಾರು?”

“ಚಪ್ಪಲಿ ಹಾಕ್ಕೋ. ಇವತ್ತು ಆಫೀಸು ಬೇಡ.”

ಅಕ್ತರ್ ಅವರ ಅಂಗಡಿಯ ಮುಂದೆ ಬೆಳಗಿನ ಜನ ಮುತ್ತಿಕೊಂಡಿದ್ದರು. ಹಿಂದೆ ಮುಂದೆ ಆಟೋಗಳ ಹಾರನ್ನು. ಸೀತಾಲಕ್ಷ್ಮಿ ಜನರನ್ನು ಸರಿಸಿಕೊಂಡು ಕೌಂಟರ್ ಹಿಡಿದು, “ಅಕ್ತರ್ ಭಾಯ್, ಆ ಟೀಚರ್ ಹುಡುಗಿ ಲೈಬಾಗೆ ಫೋನ್ ಮಾಡಿ. ಈಗ್ಲೇ. ಔಷಧಿ ಪಟ್ಟಿ ತರಕ್ಕೂ ಹೇಳಿ,” ಎಂದರು. ಅವರ ಮುಖ ನೋಡಿ ಅಕ್ತರ್ ಏನೂ ಕೇಳದೆ ನಂಬರ್ ಒತ್ತಿದರು. ಶಾಲೆಗೆ ರಜೆಯಿತ್ತು, ಲೈಬಾ ಹಿಂದಿನ ಬೀದಿಯಿಂದ ದುಪಟ್ಟಾ ಸರಿಮಾಡಿಕೊಳ್ಳುತ್ತಾ ಓಡಿಬಂದಳು. ಕೈಯಲ್ಲಿ ಪಟ್ಟಿ ಹಿಡಿದೇ ಬಂದಿದ್ದಳು.

ಸೀತಾಲಕ್ಷ್ಮಿ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದರು. ಲೈಬಾಳ ಮುಖದಿಂದ ಬಣ್ಣ ಇಳಿಯಿತು. “ಯಾ ಅಲ್ಲಾ! ನಾನು ಹೇಳಿದ್ದಕ್ಕಾ ಆಂಟಿ? ಅಂಕಲ್ ಹೇಗಿದಾರೆ?”

“ಅವರು ಚೆನ್ನಾಗಿದಾರೆ. ನಿನ್ನದೇನು ತಪ್ಪಿಲ್ಲಮ್ಮ, ಅದನ್ನ ತಲೆಗೆ ಹಚ್ಕೋಬೇಡ. ನಿಮ್ಮ ನಾನಿ ಹೇಗಿದಾರೆ, ಅದನ್ನ ಹೇಳು.”

“ಹೊಟ್ಟೆ ಉರಿ ಹೋಗ್ತಾನೇ ಇಲ್ಲ ಆಂಟಿ. ಎಷ್ಟು ತಿಂಗಳಾಯ್ತು. ಡಾಕ್ಟರ್ ಡೋಸ್ ಜಾಸ್ತಿ ಮಾಡಿದ್ರು, ಗಂಟಲಲ್ಲಿ ಪೈಪ್ ಹಾಕಿ ನೋಡಿದ್ರು. ದೊಡ್ಡ ಕಾಯಿಲೆ ಇರಬಹುದು, ಇನ್ನೊಂದು ಟೆಸ್ಟ್ ಮಾಡ್ಸಿ ಅಂತಿದಾರೆ. ನಾನಿ ಊಟಾನೇ ಬಿಟ್ಬಿಟ್ಟಿದಾರೆ.”

ಮಧುರಾ ಕೈಚಾಚಿ ಪಟ್ಟಿ ತೆಗೆದುಕೊಂಡಳು. ಮುಂಭಾಗದಲ್ಲಿ ಯಾವುದೋ ಕಂಪನಿಯ ದೊಡ್ಡ ಹೆಸರು. ಹಿಂದೆ ತಿರುಗಿಸಿ, ಅಂಚಿನಲ್ಲಿದ್ದ ತಯಾರಕರ ಸಣ್ಣ ಅಕ್ಷರ ಓದಿದಳು. ಅವಳ ಕೈ ಅಲ್ಲೇ ನಿಂತಿತು.

“ಏನೇ?” ಎಂದರು ಸೀತಾಲಕ್ಷ್ಮಿ.

“ಇದು ನಾವೇ ಮಾಡೋದು ಅಮ್ಮ.”

ಲೈಬಾ ಇಬ್ಬರನ್ನೂ ನೋಡಿದಳು. ಅಕ್ತರ್ ಬಿಲ್ಲು ಹರಿಯುವುದನ್ನು ನಿಲ್ಲಿಸಿದರು. ಇಷ್ಟು ವರ್ಷ ಬಾಯಿಗೆ ಹಾಕಿಕೊಂಡಿದ್ದ ಬೀಗ ಅಷ್ಟು ಸುಲಭಕ್ಕೆ ತೆರೆಯುವುದಿಲ್ಲ.

“ಹೇಳು,” ಎಂದರು ತಾಯಿ.

“ಇದನ್ನ ಕುಟ್ಟಬಾರದು,” ಎಂದಳು ಮಧುರಾ. “ಒಳಗಿನ ಒಂದೊಂದು ಕಾಳಿಗೂ ಒಂದು ಲೇಪ ಇರತ್ತೆ. ಹೊಟ್ಟೆಯ ಆಸಿಡ್ ತಾಗದಹಾಗೆ ಔಷಧೀನ ಕಾಪಾಡೋದು ಅದೇ. ಕುಟ್ಟಿದ್ರೆ ಔಷಧಿ ಹೊಟ್ಟೇಲೇ ಸತ್ತುಹೋಗತ್ತೆ. ನಿಮ್ಮ ನಾನೀಗೆ ಇಷ್ಟು ತಿಂಗಳೂ ಔಷಧೀನೇ ಸಿಕ್ಕಿಲ್ಲ.”

“ಮತ್ತೆ ಕವರ್?” ಲೈಬಾ ಕೇಳಿದಳು. “ಕವರ್ ಯಾವುದು ಅಕ್ಕ?”

“ದನದ್ದು,” ಎಂದಳು ಮಧುರಾ. “ನಾವು ತರಿಸೋದೆಲ್ಲ ದನದ ಜಿಲಾಟಿನ್ನೇ. ಹಂದೀದಲ್ಲ. ಯಾವತ್ತೂ ಹಂದೀದು ತರಿಸಿಲ್ಲ.”

“ಹಂದೀದಲ್ವಾ?”

“ಅಲ್ಲ.”

ಲೈಬಾ ಅಂಗಡಿಯ ಮೆಟ್ಟಿಲ ಮೇಲೆ ಹಾಗೇ ಕೂತುಬಿಟ್ಟಳು. ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. “ನಮಗೆ ಇಷ್ಟು ಸಾಕಾಗಿತ್ತು ಅಕ್ಕ. ನಾನಿ ಖುಷಿಯಾಗಿ ನುಂಗ್ತಿದ್ರು,” ಎಂದಳು. “ಇಷ್ಟನ್ನ ಬರೆಯೋಕೆ ಏನಾಗಿತ್ತು?”



ದನದ್ದು ಎಂಬ ಮಾತು ಕಿವಿಗೆ ಬಿದ್ದರೆ ರಾಮ ರಾಮ ಎನ್ನುತ್ತಿದ್ದ ಸೀತಾಲಕ್ಷ್ಮಿ, ಆ ಮಾತು ಕೇಳಿ ತಮ್ಮ ಜೀವನದಲ್ಲಿ ಮೊದಲ ಸಲ ನೆಮ್ಮದಿಯ ನಿಟ್ಟುಸಿರು ಬಿಟ್ಟರು. ಬಗ್ಗಿ ಆ ಹುಡುಗಿಯ ತಲೆಯ ಮೇಲೆ ಕೈಯಿಟ್ಟರು. ತಾವು ಬಿಚ್ಚಿದ್ದು ಗಿಡದ ಸಿಪ್ಪೆ. ಇವಳು ಬಿಚ್ಚಿದ್ದು ಇವಳಿಗೆ ಆಗಬಹುದಾಗಿದ್ದ ಸಿಪ್ಪೆ. ಇಬ್ಬರೂ ಬಿಚ್ಚಬೇಕಾಗಿಯೇ ಇರಲಿಲ್ಲ.

ಕೌಂಟರಿನಲ್ಲಿ ಕಾಯುತ್ತಿದ್ದ ಜನ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ವಯಸ್ಸಾದವರೊಬ್ಬರು ಮೆಲ್ಲಗೆ ತಮ್ಮ ಕವರಿನಿಂದ ಒಂದು ಪಟ್ಟಿ ತೆಗೆದು ಮಧುರಾಳ ಕಡೆ ಚಾಚಿದರು. “ಮೇಡಂ, ಇದು?” ಅವರ ಹಿಂದೆ ಮಲ್ಲಿಗೆ ಮುಡಿದ ಹೆಂಗಸೊಬ್ಬಳು, “ಅಕ್ಕಾ, ಇದನ್ನೂ ಸ್ವಲ್ಪ ನೋಡಿ. ಶನಿವಾರ ನಾನ್‌ವೆಜ್ ಮುಟ್ಟಲ್ಲ ಅಂತ ಅವತ್ತು ಮಾತ್ರ ಬಿಡ್ತಿದೀನಿ, ತಪ್ಪಾ?” ಎಂದಳು. ಅತ್ತಿತ್ತಲಿಂದ ಪಟ್ಟಿ ಹಿಡಿದ ಕೈಗಳು ಬಂದವು.

ಮಧುರಾ ಹಿಂದೆ ಸರಿದಳು. “ಅಮ್ಮ, ಕೆಲಸ ಹೋಗತ್ತೆ ನಂದು.”

ಸೀತಾಲಕ್ಷ್ಮಿ ಅಕ್ತರ್ ಅವರ ಸ್ಟೂಲನ್ನು ಎಳೆದು ಕೌಂಟರಿನ ಮುಂದೆ ಇಟ್ಟರು.

“ನಿಮ್ಮಪ್ಪನ ಜೀವ ಹೋಗ್ತಿತ್ತು. ಕೂತ್ಕೋ. ಗೊತ್ತಿರೋದನ್ನ ಹೇಳು. ಗೊತ್ತಿಲ್ಲದ್ದಕ್ಕೆ ಫೋನ್ ಮಾಡು.”

ಮಧುರಾ ಕೂತಳು. ಮೊದಲ ಪಟ್ಟಿಯನ್ನು ತೆಗೆದುಕೊಂಡು ಹಿಂದಕ್ಕೆ ತಿರುಗಿಸಿದಳು.